ಟೇಬಲ್ ಮೇಲೆ ಹತ್ತುತ್ತದೆ, ಮೈ ಮೇಲೆ ಆರುತ್ತದೆ: ಬಟ್ಟೆಗೆ ಹೊಲಿದ ಸರ್ಕ್ಯೂಟ್‌ನಲ್ಲಿ ದೋಷ ಹುಡುಕುವ ಬಗೆ

ಅಕ್ಕನ ಮಗಳಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಡ್ಯಾನ್ಸ್ ಇತ್ತು. ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆ ಕತ್ತರಿಸಿ ಲಂಗ ಬ್ಲೌಸ್ ಹೊಲಿಸಿದ್ದೆವು. ಬ್ಲೌಸಿನ ಬೆನ್ನಿಗೆ ಒಂದು ಲಿಲಿಪ್ಯಾಡ್ ಬೋರ್ಡ್ (ಬಟ್ಟೆಗೆ ಹೊಲಿಯಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್), ಬಲತೋಳಿನ ಮೇಲೆ ಮೂರು ಮೂರರಂತೆ ಎರಡು ಸಾಲು ಎಲ್‌ಇಡಿ, ಹೆಬ್ಬೆರಳಿಗೆ ಮತ್ತು ನಡುಬೆರಳಿಗೆ ಕರೆಂಟ್ ಹರಿಯುವ ಬಟ್ಟೆಯ ಒಂದೊಂದು ತುಂಡು. ಇವನ್ನೆಲ್ಲ ಜೋಡಿಸಿದ್ದು ವೈರಿನ ಬದಲು ಕರೆಂಟ್ ಹರಿಸುವ ಸ್ಟೀಲ್ ದಾರದ ಹೊಲಿಗೆ. ಎರಡು ಬೆರಳು ಕೂಡಿಸಿದರೆ ತೋಳಿನ ದೀಪಗಳು ಹತ್ತಬೇಕು, ಅಷ್ಟೇ. ಟೇಬಲ್ ಮೇಲೆ ಹರಡಿಕೊಂಡು ನೋಡಿದಾಗ ಎಲ್ಲ ಸರಿಯಾಗಿತ್ತು. ಹುಡುಗಿ ಹಾಕಿಕೊಂಡು ಕೈ ಎತ್ತಿದಳು, ಕೆಳಗಿನ ಸಾಲು ಆರಿತು. ಕೈ ಇಳಿಸಿದಳು, ಮತ್ತೆ ಹತ್ತಿತು. "ಚಿಕ್ಕಮ್ಮಾ, ನಾನೇನೂ ಮಾಡ್ಲಿಲ್ಲ" ಅಂದಳು, ಪಾಪ.

ಆ ರಾತ್ರಿ ಕೆಳಗಿನ ಸಾಲಿನ ದಾರ ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದೆ. ಎರಡು ಗಂಟೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ಅದೇ ಕಥೆ. ಯಾಕೆಂದರೆ ದಾರ ತುಂಡಾಗಿರಲೇ ಇಲ್ಲ. ನಾನು ಅಳತೆ ಮಾಡದೆ ಊಹೆಯ ಮೇಲೆ ಬಿಚ್ಚಿದ್ದೆ. ದೋಷ ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಬಟ್ಟೆಯ ಸರ್ಕ್ಯೂಟ್‌ನಲ್ಲಿ ದೋಷ ಹುಡುಕುವುದಿದ್ದರೆ ಅದು ಮೈ ಮೇಲಿರುವಾಗಲೇ ಹುಡುಕಿ. ಮಾಮೂಲಿ ಸರ್ಕ್ಯೂಟ್ ಬೋರ್ಡ್ ಮಡಚಿಕೊಳ್ಳುವುದಿಲ್ಲ, ಬೆವರುವುದಿಲ್ಲ, ಯಾರೂ ಅದನ್ನು ಹಾಕಿಕೊಂಡು ಕುಣಿಯುವುದಿಲ್ಲ. ಬಟ್ಟೆಗೆ ಈ ಮೂರೂ ಇದೆ.

ಮೊದಲು ಮೀಟರ್ ಹಿಡಿಯುವುದು ಹೇಗೆ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ, ಬೇರೆ ಊರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅಳೆಯುವ ಮೊದಲು ಬ್ಯಾಟರಿ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿಯನ್ನೇ ಹೊರಗಿಡಿ. ಕರೆಂಟ್ ಇರುವಾಗ ಓಮ್ (ಕರೆಂಟಿಗೆ ದಾರ ಒಡ್ಡುವ ತಡೆಯ ಅಳತೆ) ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಬಹಳ ಜನ ಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಕೂಗಿದರೆ ಸರಿ, ಕೂಗದಿದ್ದರೆ ದಾರ ತುಂಡು ಅಂತ ತೀರ್ಮಾನ ಮಾಡಿಬಿಡುತ್ತಾರೆ. ತಾಮ್ರದ ವೈರಿಗೆ ಇದು ಸರಿ. ದಾರಕ್ಕೆ ಸರಿಯಲ್ಲ. ಸಾಮಾನ್ಯವಾಗಿ ಮೀಟರ್ ಬೀಪ್ ಮಾಡುವುದು 30, 40, 50 ಓಮ್ ಒಳಗಿದ್ದರೆ ಮಾತ್ರ, ಮೀಟರ್‌ನಿಂದ ಮೀಟರ್‌ಗೆ ಇದು ಬೇರೆ. ನಮ್ಮ ಸ್ಟೀಲ್ ದಾರಕ್ಕೋ, ಅದರ ದಪ್ಪ ನೋಡಿಕೊಂಡು, ಒಂದು ಅಡಿಗೇ 10ರಿಂದ 30 ಓಮ್ ತನಕ ಇರುತ್ತದೆ. ಅಂದರೆ ಬೆನ್ನಿನಿಂದ ಮುಂಗೈ ತನಕ ಹೋದ ಒಳ್ಳೆಯ ದಾರಕ್ಕೂ ಮೀಟರ್ ಕೂಗದೆ ಇರಬಹುದು. ಇನ್ನೊಂದು ಕಡೆ, 35 ಓಮ್ ಇರುವ ಹಾಳು ಗಂಟಿಗೆ ಅದೇ ಮೀಟರ್ ಖುಷಿಯಾಗಿ ಕೂಗುತ್ತದೆ. ಹಾಗಾಗಿ ಬೀಪ್ ಬಿಡಿ, 200 ಓಮ್ ಸ್ಕೇಲ್‌ಗೆ ಹಾಕಿ ಅಂಕಿ ಓದಿ. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ, ಆಗ ಬರುವ ಅಂಕಿಯನ್ನು ಮೊದಲೇ ನೋಡಿಕೊಂಡು, ಆಮೇಲಿನ ಪ್ರತಿ ಅಳತೆಯಿಂದ ಕಳೆಯಿರಿ.

ಇದಕ್ಕಿಂತ ದೊಡ್ಡ ಮೋಸ ಪ್ರೋಬ್ ಒತ್ತುವುದರಲ್ಲಿದೆ. ದಾರದ ಮೇಲೆ ಪ್ರೋಬ್ ಇಟ್ಟು ಜೋರಾಗಿ ಒತ್ತಿದಿರಿ ಅಂದುಕೊಳ್ಳಿ, ಸಡಿಲವಾಗಿದ್ದ ಎಳೆಗಳು ಆ ಒತ್ತಡಕ್ಕೆ ಪ್ಯಾಡಿಗೆ (ಬೋರ್ಡ್ ಮತ್ತು ದೀಪದ ಮೇಲೆ ದಾರ ಹೊಲಿಯುವ ಲೋಹದ ತೂತಿನ ಜಾಗ) ಅಂಟಿಕೊಂಡು ಸರಿಯಾದ ಅಂಕಿಯನ್ನೇ ತೋರಿಸುತ್ತವೆ, ನೀವು ಕೈ ತೆಗೆದ ಕೂಡಲೇ ಮತ್ತೆ ಬಿಟ್ಟುಕೊಳ್ಳುತ್ತವೆ. ನಾನು ಈಗ ಮಾಡುವುದು ಹೀಗೆ: ಎರಡು ಟೈಲರ್ ಪಿನ್ ತಗೊಂಡು, ದಾರದ ಎರಡು ತುದಿಯಲ್ಲಿ ಹೊಲಿಗೆಯ ನಡುವೆಯೇ ಚುಚ್ಚಿ, ಪಿನ್ನಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ, ಕ್ಲಿಪ್ಪಿನಿಂದ ಮೀಟರ್‌ಗೆ ವೈರ್. ಪ್ಯಾಡಿನ ಮೇಲೆ ಚುಚ್ಚಬೇಡಿ, ಅದರ ಪಕ್ಕ ಚುಚ್ಚಿ. ಆಮೇಲೆ ಎರಡೂ ಕೈ ಖಾಲಿ. ಬಟ್ಟೆ ಮಡಚಿ, ಎಳೆಯಿರಿ, ತಿರುಚಿ, ಕಣ್ಣು ಮಾತ್ರ ಅಂಕಿಯ ಮೇಲಿರಲಿ. ಮೈ ಮೇಲಿರುವಾಗ ಅಳೆಯುವುದಾದರೆ ಪಿನ್ನಿನ ಮೊನೆ ಹೊರಗೆ ಬರುವ ಹಾಗೆ ಚುಚ್ಚಿ, ಮಕ್ಕಳಾದರೆ ಪಿನ್ ಬೇಡವೇ ಬೇಡ, ಕ್ಲಿಪ್ ಮಾತ್ರ ಸಾಕು.

ಅಂಕಿ ಒಂದೇ ಕಡೆ ನಿಂತಿದ್ದರೆ ದಾರ ಚೆನ್ನಾಗಿದೆ. 22 ಇದ್ದದ್ದು 60ಕ್ಕೆ ಹಾರಿ ಮತ್ತೆ 22ಕ್ಕೆ ಬಂದರೆ ಎಲ್ಲೋ ಸಡಿಲ ಇದೆ. ಮೀಟರ್ ಯಾವ ಅಂಕಿಯನ್ನೂ ತೋರಿಸದಿದ್ದರೆ ತುಂಡು. ಆಗ ದಾರದ ಮಧ್ಯಕ್ಕೆ ಒಂದು ಪಿನ್ ತಂದು ಯಾವ ಅರ್ಧದಲ್ಲಿ ದೋಷ ಇದೆ ನೋಡಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕು ಸಲದಲ್ಲಿ ಬೆರಳಿಡುವಷ್ಟು ಜಾಗಕ್ಕೆ ಬಂದುಬಿಡುತ್ತೀರಿ.

ಜರಿ ಕರೆಂಟ್ ಹರಿಸುತ್ತದೆ!

ಈಗ ಆ ಬ್ಲೌಸ್. ಕೆಳಗಿನ ಸಾಲಿನ ಪ್ಲಸ್ ದಾರವನ್ನು ಈ ತುದಿಯಿಂದ ಆ ತುದಿಗೆ ಅಳೆದೆ, ಕೈ ಎತ್ತಿದರೂ ಇಳಿಸಿದರೂ ಒಂದೇ ಅಂಕಿ. ಮೈನಸ್ ದಾರವೂ ಹಾಗೇ. ಹಾಗಾದರೆ ತುಂಡಿಲ್ಲ. ಇನ್ನುಳಿದದ್ದು ಶಾರ್ಟ್. ಒಂದು ಕ್ಲಿಪ್ ಪ್ಲಸ್ ದಾರಕ್ಕೆ, ಇನ್ನೊಂದು ಮೈನಸ್‌ಗೆ ಹಾಕಿದೆ. ಓಮ್ ಸ್ಕೇಲ್‌ನಲ್ಲಿ ಮೀಟರ್ ಕೊಡುವ ಸಣ್ಣ ವೋಲ್ಟೇಜಿಗೆ ಎಲ್‌ಇಡಿ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಇಲ್ಲಿ ಏನೂ ತೋರಿಸಬಾರದು. ತೋರಿಸಲಿಲ್ಲ. "ಕೈ ಎತ್ತು ಪುಟ್ಟಿ" ಅಂದೆ. 26 ಓಮ್ ಬಂತು.

ತೋಳಿನ ಅಂಚಿನಲ್ಲಿ ಒಂದೂವರೆ ಇಂಚು ಜರಿ ಬಾರ್ಡರ್ ಇತ್ತು. ನನ್ನ ಮೈನಸ್ ದಾರ ಒಂದು ಕಡೆ ಆ ಬಾರ್ಡರ್ ಒಳಗೆ ನಾಲ್ಕು ಹೊಲಿಗೆ ಹೋಗಿ ಬಂದಿತ್ತು. ಪ್ಲಸ್ ದಾರದ ಕೊನೆಯ ಗಂಟು ಬಾರ್ಡರ್‌ಗಿಂತ ಮೇಲೇ ಇತ್ತು, ಆದರೆ ಗಂಟಿನ ಬಾಲ ಬಿಚ್ಚಿಕೊಂಡು ಕೂದಲಿನ ಹಾಗೆ ನಿಂತಿತ್ತು. ಕೈ ಎತ್ತಿದಾಗ ತೋಳು ಮಡಚಿ, ಆ ಬಾಲ ಜರಿಗೆ ತಗುಲುತ್ತಿತ್ತು. ಪ್ಲಸ್ಸಿನಿಂದ ಬಾಲ, ಬಾಲದಿಂದ ಜರಿ, ಜರಿಯಿಂದ ಮೈನಸ್. ಮುಗಿಯಿತಲ್ಲ, ದೀಪಕ್ಕೆ ಉಳಿದದ್ದೇನು?

ಯೋಚನೆ ಮಾಡಿದರೆ ಇದು ಗೊತ್ತಿರಬೇಕಾದ ವಿಷಯವೇ. ಅಸಲಿ ಜರಿ ಅಂದರೆ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಗಳ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಬೆಳ್ಳಿಗಿಂತ ಚೆನ್ನಾಗಿ ಕರೆಂಟ್ ಹರಿಸುವ ಲೋಹ ಬೇರೆ ಇಲ್ಲ. ನಮ್ಮ ಅಜ್ಜಿಯಂದಿರು ಉಟ್ಟ ಸೀರೆಯ ಅಂಚು ನಾನು ದುಡ್ಡು ಕೊಟ್ಟು ತರಿಸಿದ ಸ್ಟೀಲ್ ದಾರಕ್ಕಿಂತ ಒಳ್ಳೆಯ ವಾಹಕ ಅಂತ ಮೀಟರ್ ಇಟ್ಟು ನೋಡಿದಾಗ ಮೈ ಜುಮ್ಮೆಂದಿತು. 1990ರ ದಶಕದ ಕೊನೆಗೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ರೆಮಿ ಪೋಸ್ಟ್, ಮ್ಯಾಗಿ ಆರ್ತ್ ಮೊದಲಾದವರು ಬಟ್ಟೆಯ ಸರ್ಕ್ಯೂಟ್ ಮಾಡಲು ಹೊರಟಾಗ ಕೈಗೆತ್ತಿಕೊಂಡದ್ದೂ ಇಂಥದ್ದೇ, ರೇಷ್ಮೆ ಎಳೆಗೆ ಲೋಹದ ತೆಳು ಹಾಳೆ ಸುತ್ತಿ ನೇಯ್ದ ಆರ್ಗಾಂಜಾ ಬಟ್ಟೆ. ಬಟ್ಟೆಗೆ ಹೊಲಿಯಲೆಂದೇ ಲಿಯಾ ಬೀಕ್ಲಿ ರೂಪಿಸಿದ ಲಿಲಿಪ್ಯಾಡ್ ಬೋರ್ಡ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಇದೆಲ್ಲ ಆದ ಎಷ್ಟೋ ವರ್ಷದ ಮೇಲೆ.

ಆದ್ದರಿಂದ ಜರಿ ಇರುವ ಬಟ್ಟೆಗೆ ಹೊಲಿಯುವ ಮೊದಲು ಜರಿಯ ಮೇಲೆ ಎರಡು ಇಂಚು ದೂರದಲ್ಲಿ ಎರಡು ಪ್ರೋಬ್ ಇಟ್ಟು ನೋಡಿ. ಅಂಕಿ ಬಂತೋ, ಆ ಬಾರ್ಡರ್ ಒಂದು ಬರಿಮೈ ತಂತಿ ಅಂತಲೇ ಲೆಕ್ಕ. ಪ್ಲಾಸ್ಟಿಕ್ ಜರಿಯಲ್ಲಿ ಸಾಮಾನ್ಯವಾಗಿ ಏನೂ ಬರುವುದಿಲ್ಲ, ಆದರೂ ಅಳೆದೇ ಬಿಡಿ. ನಾನು ಮೈನಸ್ ದಾರವನ್ನು ಬಾರ್ಡರ್‌ನಿಂದ ಅರ್ಧ ಇಂಚು ಮೇಲಕ್ಕೆ ಎತ್ತಿ ಹೊಲಿದೆ, ಗಂಟಿನ ಬಾಲ ಕತ್ತರಿಸಿದೆ, ಒಳಗಡೆ ತೆಳು ಕಾಟನ್ ಲೈನಿಂಗ್ ಕೊಟ್ಟೆ. ಅವತ್ತಿನಿಂದ ಆ ಸಾಲು ಒಮ್ಮೆಯೂ ಆರಿಲ್ಲ.

ಜರಿ ಒಂದೇ ಅಲ್ಲ. ಬ್ಲೌಸಿನ ಹುಕ್ಕು, ಝಿಪ್ಪು, ಸೇಫ್ಟಿ ಪಿನ್ನು, ಕುಂದನ್ ಕೆಲಸದ ಲೋಹದ ಕಟ್ಟು, ಕೊರಳ ಸರ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಡ್ರೆಸ್ ಹಾಕಿಸಿ, ಒಡವೆಯನ್ನೂ ಹಾಕಿಸಿ, ಆಮೇಲೆ ಪ್ಲಸ್ ಮೈನಸ್ ನಡುವೆ ಅಳೆಯಿರಿ.

ಗಂಟು

ಸ್ಟೀಲ್ ದಾರಕ್ಕೆ ಸ್ಪ್ರಿಂಗ್ ಗುಣ ಜಾಸ್ತಿ. ಕಾಟನ್ ದಾರದ ಹಾಗೆ ಗಂಟು ಹಾಕಿ ಬಿಟ್ಟರೆ ನಿಲ್ಲುವುದಿಲ್ಲ, ಎರಡು ದಿನದಲ್ಲಿ ತಾನೇ ಸಡಿಲವಾಗುತ್ತದೆ. ಗಂಟು ಹಾಕಿ, ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಬಿಟ್ಟು, ಅದು ಪೂರ್ತಿ ಒಣಗಿದ ಮೇಲೆ ಬಾಲ ಕತ್ತರಿಸಿ. ಕತ್ತರಿಸಿ ಆಮೇಲೆ ಹಚ್ಚಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಗಂಟು ಜಾರಿರುತ್ತದೆ. ಸೂಪರ್ ಗ್ಲೂ ಬೇಡ, ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬಟ್ಟೆ ಮಡಚಿದ ಕಡೆ ದಾರವನ್ನೇ ಮುರಿಯುತ್ತದೆ.

ಬೋರ್ಡಿನ ಅಥವಾ ಎಲ್‌ಇಡಿಯ ಪ್ಯಾಡಿಗೆ ದಾರ ಒಂದೇ ಸುತ್ತು ಹೋಗಿದ್ದರೆ ಅದು ದೋಷ ಅಂತಲೇ ಬರೆದುಕೊಳ್ಳಿ. ಕನಿಷ್ಠ ಮೂರು ಸುತ್ತು, ಪ್ರತಿ ಸುತ್ತೂ ಎಳೆದು ಬಿಗಿ ಮಾಡಬೇಕು. ಪರೀಕ್ಷೆ ಸುಲಭ. ಕ್ಲಿಪ್ ಹಾಕಿದ ಹಾಗೇ ಇರಲಿ, ಎಲ್‌ಇಡಿಯನ್ನು ಉಗುರಿನಿಂದ ಮೆಲ್ಲಗೆ ಅಲ್ಲಾಡಿಸಿ. ಅಂಕಿ ಕುಣಿದರೆ ಅಲ್ಲೇ ಸಡಿಲ. ಹಳೆಯ ಸುತ್ತಿನ ಮೇಲೆಯೇ ಹೊಸ ದಾರದಿಂದ ಇನ್ನೆರಡು ಸುತ್ತು ಹೊಲಿದರೆ ಸಾಕು, ಬಿಚ್ಚುವುದು ಬೇಡ.

ಸ್ಟೀಲ್ ದಾರಕ್ಕೆ ಬೆಸುಗೆ ಹಾಕಲು ಹೋಗಬೇಡಿ, ಮಾಮೂಲಿ ಸೀಸ ಅದಕ್ಕೆ ಹಿಡಿಯುವುದಿಲ್ಲ, ಮೇಲೆ ಉಂಡೆಯಾಗಿ ಕೂತು ಹಿಡಿದ ಹಾಗೆ ಕಾಣುತ್ತದೆ ಅಷ್ಟೆ. ವೈರಿಗೂ ದಾರಕ್ಕೂ ಜೋಡಿಸಬೇಕಾದರೆ ಸರ ಪೋಣಿಸುವವರು ಬಳಸುವ ಕ್ರಿಂಪ್ ಮಣಿ ಒಳಗೆ ಎರಡನ್ನೂ ತೂರಿಸಿ ಇಕ್ಕಳದಲ್ಲಿ ಒತ್ತಿ.

ಟಿಚ್ ಬಟನ್ ಹಾಕಿ ಬ್ಯಾಟರಿ ಬೇರ್ಪಡಿಸುವ ಹಾಗೆ ಮಾಡಿದ್ದರೆ ಅದನ್ನೂ ಅನುಮಾನಿಸಿ. ಬಣ್ಣ ಬಳಿದ ಬಟನ್ ಕರೆಂಟ್ ಹರಿಸುವುದಿಲ್ಲ. ಹಳೆಯದಾದರೆ ಕಿಲುಬು ಕಟ್ಟಿರುತ್ತದೆ, ಸಣ್ಣ ಮರಳು ಕಾಗದದಿಂದ ಉಜ್ಜಿ.

ಹತ್ತುತ್ತದೆ, ಆದರೆ ಮಂಕು

ಮೊದಲ ದೀಪ ಚೆನ್ನಾಗಿದೆ, ಎರಡನೆಯದು ಸ್ವಲ್ಪ ಕಡಿಮೆ, ಕೊನೆಯದು ಮಿಣುಕು. ಇದು ತುಂಡಲ್ಲ, ಶಾರ್ಟ್ ಅಲ್ಲ. ದಾರವೇ ವೋಲ್ಟೇಜ್ ನುಂಗುತ್ತಿದೆ. ಲೆಕ್ಕ ನೋಡಿ: ಅಡಿಗೆ 16 ಓಮ್ ಇರುವ ದಾರ, ಬೋರ್ಡಿನಿಂದ ದೀಪಕ್ಕೆ ಎರಡು ಅಡಿ. ಹೋಗುವಾಗ 32, ಬರುವಾಗ 32, ಒಟ್ಟು 64 ಓಮ್. ಒಂದು ಎಲ್‌ಇಡಿ 10 ಮಿಲಿಆಂಪ್ ಎಳೆದರೆ ದಾರಿಯಲ್ಲೇ 0.64 ವೋಲ್ಟ್ ಹೋಯಿತು. ಬರುವ ಮೈನಸ್ ದಾರ ಎಲ್ಲ ದೀಪಕ್ಕೂ ಒಂದೇ ಆದರೆ ಅದರ ಮೇಲೆ ಎಲ್ಲರ ಹೊರೆಯೂ ಬೀಳುತ್ತದೆ.

ಇಲ್ಲಿ ಮಾತ್ರ ಬ್ಯಾಟರಿ ಹಾಕಿ ಅಳೆಯಬೇಕು. ಮೀಟರ್ ಡಿಸಿ ವೋಲ್ಟ್‌ಗೆ. ದೀಪ ಹತ್ತಿರುವಾಗಲೇ ಬೋರ್ಡಿನ ಹತ್ತಿರ ಎಷ್ಟು, ಕೊನೆಯ ದೀಪದ ಎರಡು ಪ್ಯಾಡಿನ ನಡುವೆ ಎಷ್ಟು ನೋಡಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಅದೇ ದಾರಿಯ ಮೇಲೆ ಇನ್ನೊಂದು ಎಳೆ ಹೊಲಿಯಿರಿ. ಎರಡು ಎಳೆ ಜೊತೆಗೆ ಹೋದರೆ ಓಮ್ ಅರ್ಧ. ಮೈನಸ್ ದಾರಕ್ಕೆ ಮೊದಲು ಮಾಡಿ, ಸಾಮಾನ್ಯವಾಗಿ ಅಷ್ಟರಲ್ಲೇ ಸರಿಯಾಗುತ್ತದೆ.

ಕೆಂಪು ಹತ್ತುತ್ತದೆ, ನೀಲಿ ಹತ್ತುವುದಿಲ್ಲ ಅನ್ನುವವರಿಗೆ: ಕೆಂಪಿಗೆ 2 ವೋಲ್ಟ್ ಹತ್ತಿರ ಸಾಕು, ನೀಲಿ ಮತ್ತು ಬಿಳಿಗೆ 3 ವೋಲ್ಟ್ ಹತ್ತಿರ ಬೇಕು. ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಪುಟ್ಟ ಬಿಡಿಭಾಗ) ಇಲ್ಲದ ಬಿಡಿ ಎಲ್‌ಇಡಿಗಳನ್ನು ಒಂದೇ ದಾರಕ್ಕೆ ಪೋಣಿಸಿದರೆ ಕೆಂಪು ತಾನೊಂದೇ ಕುಡಿದು ವೋಲ್ಟೇಜ್ ಇಳಿಸಿಬಿಡುತ್ತದೆ. ಪ್ರತಿ ದೀಪಕ್ಕೂ ಅದರದ್ದೇ ರೆಸಿಸ್ಟರ್ ಇರಲಿ, ಇಲ್ಲವೇ ಒಂದು ಸಾಲಿಗೆ ಒಂದೇ ಬಣ್ಣ ಹಾಕಿ. ಒಂದು ದೀಪ ಮಾತ್ರ ಹತ್ತದಿದ್ದರೆ ಉಲ್ಟಾ ಹೊಲಿದಿದ್ದೀರಾ ನೋಡಿ.

ನಿಯೋಪಿಕ್ಸೆಲ್ ತರಹದ ಬಣ್ಣ ಬದಲಿಸುವ ದೀಪ ಬಳಸುವವರಿಗೆ ಒಂದು ವಿನಂತಿ. ಪೂರ್ತಿ ಬಿಳಿಯಲ್ಲಿ ಅದು ಒಂದೊಂದಕ್ಕೂ 60 ಮಿಲಿಆಂಪ್ ತನಕ ಎಳೆಯಬಹುದು. 10 ಓಮ್ ದಾರದಲ್ಲಿ ಒಂದೇ ದೀಪಕ್ಕೆ 0.6 ವೋಲ್ಟ್ ಹೋಯಿತು, ಹತ್ತು ದೀಪ ಆದರೆ ಲೆಕ್ಕವೇ ನಿಲ್ಲುವುದಿಲ್ಲ. ಪ್ಲಸ್ ಮೈನಸ್‌ಗೆ ಮೆತ್ತನೆಯ ಸಿಲಿಕೋನ್ ವೈರ್ ಹಾಕಿ, ಡೇಟಾಗೆ ಮಾತ್ರ ದಾರ ಇಟ್ಟುಕೊಳ್ಳಿ.

ಮುಟ್ಟದೆ ಹತ್ತುತ್ತದೆ, ಅಂದರೆ ಬೆವರು

ಇದು ನನಗೆ ಎರಡನೆಯ ರಿಹರ್ಸಲ್‌ನಲ್ಲಿ ಬಂತು. ಮೊದಲ ಹತ್ತು ನಿಮಿಷ ಸರಿ. ಆಮೇಲೆ ಬೆರಳು ಕೂಡಿಸದೆಯೂ ದೀಪ ತಾನಾಗಿ ಹತ್ತಿ ಆರಲು ಶುರು. ಹುಡುಗಿಯ ಮುಂಗೈ ಮುಟ್ಟಿ ನೋಡಿದರೆ ಒದ್ದೆ. ಎರಡು ಬೆರಳಿನಿಂದ ಬಂದ ದಾರಗಳು ಮುಂಗೈಯಲ್ಲಿ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಜೊತೆಯಾಗಿ ಹೋಗಿದ್ದವು, ನಡುವಿನ ಬಟ್ಟೆ ಉಪ್ಪಿನ ಬೆವರಿನಲ್ಲಿ ನೆನೆದಿತ್ತು.

ಬೋರ್ಡಿನ ಚಿಪ್ ಒಳಗೆ ಒಂದು ಪುಲ್‌ಅಪ್ ರೆಸಿಸ್ಟರ್ ಇರುತ್ತದೆ. ಲಿಲಿಪ್ಯಾಡ್‌ನ ಎಟಿಮೆಗಾ 328 ಚಿಪ್‌ನಲ್ಲಿ ಅದು 20ರಿಂದ 50 ಸಾವಿರ ಓಮ್. ಒಂದು ಬೆರಳಿನ ದಾರ ಮೈನಸ್‌ಗೆ, ಇನ್ನೊಂದರದ್ದು ಬೋರ್ಡಿನ ಪಿನ್ನಿಗೆ ಹೋಗುತ್ತದೆ (ಇದು ಟೈಲರ್ ಪಿನ್ ಅಲ್ಲ, ಬೆರಳು ಕೂಡಿತೇ ಅಂತ ಬೋರ್ಡ್ ನೋಡುವ ಜಾಗ). ಬೆರಳು ಬಿಟ್ಟಿರುವಾಗ ಆ ಪಿನ್ನಿನ ವೋಲ್ಟೇಜನ್ನು ಪ್ಲಸ್ ಕಡೆಗೆ ಮೇಲಕ್ಕೆ ಎಳೆದು ಹಿಡಿಯುವುದು ಪುಲ್‌ಅಪ್ ಕೆಲಸ. ಒದ್ದೆ ಬಟ್ಟೆ 10 ಸಾವಿರ ಓಮ್ ಆಯಿತು ಅಂದುಕೊಳ್ಳಿ, ಮೇಲಕ್ಕೆ ಎಳೆಯುವ 35 ಸಾವಿರಕ್ಕಿಂತ ಕೆಳಕ್ಕೆ ಎಳೆಯುವ 10 ಸಾವಿರದ ಕೈ ಬಲವಾಗುತ್ತದೆ. 3.7 ವೋಲ್ಟ್ ಬ್ಯಾಟರಿಯಲ್ಲಿ ಪಿನ್ ಮೇಲೆ ಉಳಿಯುವುದು 0.8 ವೋಲ್ಟ್ ಮಾತ್ರ. ಬೋರ್ಡ್ ಪಾಲಿಗೆ ಅದು ಬೆರಳು ಕೂಡಿಸಿದ ಹಾಗೇ.

ಪ್ಲಸ್‌ಗೂ ಪಿನ್ನಿಗೂ ನಡುವೆ ಹೊರಗಿನಿಂದ 4.7 ಸಾವಿರ ಓಮ್ ರೆಸಿಸ್ಟರ್ ಹಾಕಿದೆ. ಅದೇ ಒದ್ದೆ ಬಟ್ಟೆಗೆ ಈಗ ಪಿನ್ ಮೇಲೆ 2.5 ವೋಲ್ಟ್ ಉಳಿಯುತ್ತದೆ, ಬೋರ್ಡ್ ಮೋಸ ಹೋಗುವುದಿಲ್ಲ. ಬೆರಳು ನಿಜವಾಗಿ ಕೂಡಿದಾಗ ದಾರದ ಮೂವತ್ತು ನಲವತ್ತು ಓಮ್ ಈ 4.7 ಸಾವಿರದ ಮುಂದೆ ಏನೂ ಅಲ್ಲ, ಸೀದಾ ಸೊನ್ನೆಗೆ ಬರುತ್ತದೆ. ಎರಡು ದಾರದ ನಡುವೆ ಒಂದೂವರೆ ಇಂಚು ಅಂತರ ಕೊಟ್ಟು, ಒಂದನ್ನು ಕೈಯ ಮೇಲ್ಭಾಗಕ್ಕೆ ತಂದೆ. ಪ್ರೋಗ್ರಾಮಿನಲ್ಲಿ 50 ಮಿಲಿಸೆಕೆಂಡ್ ತನಕ ಒಂದೇ ಸ್ಥಿತಿ ಇದ್ದರೆ ಮಾತ್ರ ಒತ್ತಿದ್ದು ಅಂತ ಒಪ್ಪುವ ಹಾಗೆ ಬದಲಿಸಿದೆ, ಅದರಿಂದ ಮಿಣಮಿಣ ನಿಂತಿತು.

ಪರೀಕ್ಷೆಗೆ ಬೆವರು ಬರುವ ತನಕ ಕಾಯಬೇಕಿಲ್ಲ. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ, ಬಟ್ಟೆಯ ತುದಿ ಅದ್ದಿ, ದಾರಗಳ ನಡುವೆ ಒತ್ತಿ. ಮುಗಿದ ಮೇಲೆ ಬರೀ ನೀರಿನಿಂದ ಒರೆಸಿ ಒಣಗಿಸಿ.

ಬೋರ್ಡ್ ತಾನಾಗಿ ಮೊದಲಿನಿಂದ ಶುರುವಾಗುತ್ತದೆ

ದೀಪ ಎಲ್ಲ ಒಟ್ಟಿಗೆ ಹತ್ತುವ ಕ್ಷಣಕ್ಕೆ ರೀಸೆಟ್ ಆಗುತ್ತಿದ್ದರೆ ಬ್ಯಾಟರಿ ಸಾಲುತ್ತಿಲ್ಲ. ಸಿಆರ್ 2032 ಬಿಲ್ಲೆ ಬ್ಯಾಟರಿ ಗಡಿಯಾರದಂಥ ಸಣ್ಣ ಕೆಲಸಕ್ಕೆ ಮಾಡಿದ್ದು. ಬಿಡಿಯಾಗಿ ಅಳೆದರೆ 3 ವೋಲ್ಟ್ ತೋರಿಸುತ್ತದೆ, ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಹಾಗಾಗಿ ದೀಪ ಹತ್ತಿರುವಾಗ ಅಳೆದ ಅಂಕಿಯನ್ನು ಮಾತ್ರ ನಂಬಿ. ಒಂದೆರಡು ದೀಪಕ್ಕೆ ಬಿಲ್ಲೆ ಸಾಕು, ಅದಕ್ಕಿಂತ ಜಾಸ್ತಿಗೆ ಸಣ್ಣ ಲಿಥಿಯಂ ಪಾಲಿಮರ್ ಬ್ಯಾಟರಿ ಬೇಕು.

ಆದರೆ ಲಿಥಿಯಂ ಪಾಲಿಮರ್ ಹಾಕುವ ಮೊದಲು ಪ್ಲಸ್ ಮೈನಸ್ ನಡುವೆ ಶಾರ್ಟ್ ಇಲ್ಲ ಅಂತ ಮೈ ಮೇಲೆ ಹಾಕಿಸಿಯೇ ಖಾತ್ರಿ ಮಾಡಿಕೊಳ್ಳಿ. ಶಾರ್ಟ್ ಆದರೆ ಬಿಲ್ಲೆ ಬ್ಯಾಟರಿ ಕೊಡುವ ಕರೆಂಟ್ ಸ್ವಲ್ಪವೇ, ಇದು ಹಾಗಲ್ಲ, ದಾರ ಚರ್ಮ ಸುಡುವಷ್ಟು ಬಿಸಿಯಾಗಬಹುದು. ಬ್ಯಾಟರಿಗೆ ಗಟ್ಟಿ ಬಟ್ಟೆಯ ಜೇಬು ಮಾಡಿ, ಸೂಜಿ ಪಿನ್ನು ಹತ್ತಿರ ಬರದ ಹಾಗೆ ನೋಡಿಕೊಳ್ಳಿ, ಊದಿಕೊಂಡಿದ್ದರೆ ಆ ಕ್ಷಣವೇ ಅದನ್ನು ಬಳಸುವುದು ಬಿಡಿ. ಬಿಲ್ಲೆ ಬ್ಯಾಟರಿಯೂ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಗಂಟಲ ಒಳಗೆ ಸುಟ್ಟು ಪ್ರಾಣಕ್ಕೇ ಬರುತ್ತದೆ.

ಹೋದ ವರ್ಷ ಚೆನ್ನಾಗಿತ್ತು, ಈಗ ಇಲ್ಲ

ಬೆಳ್ಳಿ ಲೇಪದ ನೈಲಾನ್ ದಾರ ಬಳಸಿದ್ದರೆ ಬಣ್ಣ ನೋಡಿ. ಕಪ್ಪಾಗಿದ್ದರೆ ಲೇಪ ಗಂಧಕದ ಜೊತೆ ಸೇರಿ ಹಾಳಾಗುತ್ತಿದೆ, ನಮ್ಮ ಬೆಳ್ಳಿ ದೀಪ ಕಪ್ಪಾಗುತ್ತದಲ್ವಾ, ಹಾಗೇ. ಪಾತ್ರೆಯನ್ನು ಉಜ್ಜುವ ಹಾಗೆ ಇದನ್ನು ಉಜ್ಜಿದರೆ ಲೇಪವೇ ಹೋಗುತ್ತದೆ. ಅಳೆದು, ಓಮ್ ಮೊದಲಿನ ಎರಡು ಮೂರು ಪಟ್ಟಾಗಿದ್ದರೆ ಆ ದಾರ ಬದಲಿಸಿ. ಇಂಥ ಬಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿ ಇಡಬೇಡಿ, ರಬ್ಬರಿನಲ್ಲಿ ಗಂಧಕ ಇದೆ. ಇಸ್ತ್ರಿ ಕಡಿಮೆ ಬಿಸಿಯಲ್ಲಿ ಮಾಡಿ, ಒಳಗಿರುವುದು ನೈಲಾನ್. ಸ್ಟೀಲ್ ದಾರಕ್ಕೆ ಈ ಯಾವ ತೊಂದರೆಯೂ ಇಲ್ಲ, ಹೊಲಿಯುವಾಗ ಕೈಗೆ ಒರಟು ಅನ್ನುವುದೊಂದು ಬಿಟ್ಟರೆ. ಅದಕ್ಕೇ ನನ್ನ ಆಯ್ಕೆ ಯಾವತ್ತೂ ಸ್ಟೀಲ್.

ಒಗೆಯುವಾಗ ಬ್ಯಾಟರಿ ತೆಗೆದು, ಮೆದು ಸೋಪಿನಲ್ಲಿ ಕೈಯಿಂದ ಅದ್ದಿ ತೆಗೆಯಿರಿ. ಬ್ಲೀಚ್ ಬೇಡ, ಹಿಂಡಬೇಡಿ. ನೆರಳಿನಲ್ಲಿ ಎರಡು ದಿನ ಒಣಗಲಿ. ಮೇಲಿನಿಂದ ಒಣಗಿದ ಹಾಗೆ ಕಂಡರೂ ಲೈನಿಂಗ್ ಒಳಗೆ ತೇವ ಇರುತ್ತದೆ, ಅವಸರಕ್ಕೆ ಬ್ಯಾಟರಿ ಹಾಕಿದರೆ ಪ್ಯಾಡುಗಳು ಹಸಿರು ಕಟ್ಟುತ್ತವೆ.

ಹೊಸದಾಗಿ ಹೊಲಿದ ದಿನವೇ ಪ್ರತಿ ದಾರದ ಓಮ್ ಅಳೆದು ಒಂದು ಚೀಟಿಯಲ್ಲಿ ಬರೆದು ಲೈನಿಂಗ್ ಒಳಗಿನ ಜೇಬಿನಲ್ಲಿ ಇಡಿ. ಒಂದು ವರ್ಷ ಬಿಟ್ಟು ದೋಷ ಬಂದಾಗ ಹೋಲಿಸಲು ಬೇರೇನೂ ಬೇಕಾಗುವುದಿಲ್ಲ. ಆ ಬ್ಲೌಸಿನ ಚೀಟಿ ನನ್ನ ಹತ್ತಿರ ಇದೆ: ಮೇಲಿನ ಸಾಲು 19, ಕೆಳಗಿನ ಸಾಲು 24, ಮೈನಸ್ 11, ಹೆಬ್ಬೆರಳು 38, ನಡುಬೆರಳು 41. ವಾರ್ಷಿಕೋತ್ಸವದ ಸಂಜೆ ಸ್ಟೇಜ್ ಹಿಂದೆ ಕೂರಿಸಿಕೊಂಡು ಒಂದೊಂದೇ ಅಳೆದೆ, ಕೈ ಎತ್ತಿಸಿ ಒಮ್ಮೆ, ಇಳಿಸಿ ಒಮ್ಮೆ. ಪ್ಲಸ್ ಮೈನಸ್ ನಡುವೆ ಎರಡು ಸಲವೂ ಏನೂ ಇಲ್ಲ. ಕ್ಲಿಪ್ ಬಿಚ್ಚಿ ಬ್ಯಾಟರಿ ಹಾಕಿ, "ಹೋಗು ಪುಟ್ಟಿ" ಅಂದೆ.